ರಂಗೂಬಾಯಿಯ ಗಂಡನ ಹಾಡೋ ಪೆಟ್ಟಿಗಿ

...ಆ ಸ್ಕ್ರೂಡ್ರೈವರ್ ಬಾಜೂಕ ಇಡ್ರಿ ಅಂದೆ. ಮುಂಜಾನಿಂದ ಪೆಟ್ಟಿಗಿ ಹೊಟ್ಟಿಯೊಳಗ ತಲಿ ಹಾಕ್ಕೊಂಡು ಕುಂತೀರಿ, ಚಹಾ ಆರಿ ಕೆನಿ ಕಟ್ಟೇದ. ಬರ್ರಿ, ಗ್ವಾಡಿಗೆ ಬೆನ್ನು ಹಚ್ಚಿ ಕೂಡ್ರಿ, ಒಂದು ಕಥಿ ಹೇಳ್ತೀನಿ. ಗೊತ್ತದರೀ, ಸಂಜೀಕ ಮಂದಿ ಬರ್ತಾರ, ಪೆಟ್ಟಿಗಿ ಹಾಡವಲ್ದು. ಅದಕ್ಕ ಹೇಳೂದು. ಕೆಲವೊಂದು ಕಥಿ ಕೇಳಿದ್ರ ಪೆಟ್ಟಿಗಿಗೂ ಒಳ್ಳೇದಾಗ್ತದ.

ಇಲ್ಲೇ ಪುಣೆದ ನಾನಾ ಪೇಠದಾಗ ರಂಗೂಬಾಯಿ ಅಂತ ಒಬ್ಬಾಕಿ ಇದ್ಲು. ನನ್ಹಂಗ ಸಾಲಿ ಕಟ್ಟಿ ಹತ್ತದಾಕಿ. ಅಕಿ ಗಂಡ ಚಾಕಣದ ಕಾರ್ಖಾನಿಯಿಂದ ರಿಟೈರ್ ಆದವರು. ಯಾಕ, ಚಾಕಣದಾಗ ನೀವೊಬ್ಬರ ದುಡದ್ರೇನು? ಅವರ ಹೆಸರಾ... ಹೆಸರು ತೊಗೊಂಡು ಏನು ಮಾಡ್ತೀರಿ, ಗಂಡ ಅನ್ರಿ, ಸಾಕು.

ರಿಟೈರ್ ಆದವರು ಮಾತ ಬಿಟ್ಟುಬಿಟ್ರು. ಹೂಂ ಅನ್ನೂದು, ಊಹೂಂ ಅನ್ನೂದು, ಕಿಟಕ್ಯಾಗ ಕುಂತು ಕೆಳಗ ಟ್ಯೂಶನ್ನಿಗೆ ಬರೋ ಹುಡುಗರ ಸ್ಕೂಟರ್ ನೋಡೂದು. ರಂಗೂಬಾಯಿ ಒಬ್ಬಾಕೀನ ಎರಡೂ ಕಡಿಯಿಂದ ಜಗಳಾಡಿ, ತಾನ ಗೆದ್ದು, ತಾನ ಸೋತು, ದಣದು ಹೋದ್ಲು.

ಒಂದಿನ ಗಂಡ ಜುನಾ ಬಾಜಾರದ ಹಳೇ ಸಾಮಾನಿನ ಅಂಗಡಿಯಿಂದ ಒಂದು ಚೀಲ ಗಾಜಿನ ವಾಲ್ವು ತಂದ್ರು. ಹಳೇ ಕರಿ-ಬಿಳಿ ಟಿವಿಯೊಳಗ ಇರ್ತಿದ್ವಲ್ಲ, ಎಳೇ ಬದನಿಕಾಯಿಯಷ್ಟು ಇರ್ತಾವ, ಒಳಗಿನ ತಂತಿ ಕಾದು ಕೆಂಪಾಗ್ತದ, ಅವು. ಶ್ರೀಮಂತ ವಾಲ್ವಿಗೆ ಕರೆಂಟು ಒಂದೊಂದಕ್ಕೂ ಬ್ಯಾರೆ ಬ್ಯಾರೆ ಬಡಸ್ತಾರಂತ. ಈ ಟಿವಿಯವು ಹಂಗಲ್ಲ. ಗಣಪತಿ ಮುಂದ ಹಚ್ಚೋ ದೀಪದ ಸರ ಇದ್ಹಂಗ, ಒಂದರೊಳಗ ಹೊಕ್ಕ ಕರೆಂಟು ಅದನ್ನ ದಾಟೇ ಮುಂದಿಂದಕ್ಕ ಹೋಗಬೇಕು. ಒಂದು ಸತ್ರ ಎಲ್ಲಾ ಕತ್ತಲಿ. ಅದಕ್ಕ ಅವನ್ನ ಯಾರೂ ಮೂಸಂಗಿಲ್ಲ, ಭಾಳ ಅಗ್ಗ. ಇವುಗಳಿಂದನ ಹಾಡೋ ಆಂಪ್ಲಿಫೈಯರ್ ಕಟ್ತೀನಿ ಅಂತ ಹಟ ಹಿಡಿದ್ರು. "ತಿಳೀತು ಬಿಡ್ರಿ, ಪಂಕ್ತಿ ಊಟ ಇದ್ಹಂಗ. ಒಬ್ಬ ಎದ್ದ ಅಂದ್ರ ಎಲ್ಲಾರೂ ಕೈ ತೊಳಕೋಬೇಕು," ಅಂದ್ಲು ರಂಗೂಬಾಯಿ. ಗಂಡ ನಕ್ಕುಬಿಟ್ರು. ರಿಟೈರ್ ಆದಮ್ಯಾಲ ನಕ್ಕಿದ್ದು ಅದ ಮೊದಲು.

ಅಲ್ಲಿಂದ ಬಾಯಿ ಬಿಚ್ಚಿತು ನೋಡ್ರಿ. ಉಣ್ಣೂ ಮುಂದ ವಾಲ್ವು, ಎಣ್ಣಿ ಹಚ್ಕೊಳ್ಳೂ ಮುಂದ ವಾಲ್ವು, ಹಾಲಿನವನ್ನ ಬಾಗಿಲದಾಗ ನಿಂದರಿಸಿ ವಾಲ್ವು. ರಂಗೂಬಾಯಿಗೆ ಅರ್ಧ ತಿಳೀತಿರಲಿಲ್ಲ. ಆದರ ಮನಿ ತುಂಬಿಕೊಂಡ್ಹಂಗ ಆತು.

ಕೆಳಗಿನ ಮನ್ಯಾಗ ಮಂದಾರ ಅಂತ ಒಬ್ಬ ತರುಣ. ಅಲ್ಲೂ ಮಂದಾರ ಇದ್ದ ರೀ, ಪುಣೆದಾಗ ಮಂದಾರಗೇನು ಬರ? ಅವನ ಕಡೆ ಪರದೇಶದ ದೊಡ್ಡ ಸಿಸ್ಟಮ್ಮು. ಪೆಟ್ಟಿಗಿ ಮ್ಯಾಲ ಕೈ ಇಟ್ಟು ನೋಡಿ ಅಂವ ಅಂದ: "ಕಾಕಾ, ಹಾ ತರ ಹೀಟರ್ ಆಹೆ." ಹಾಡೋ ಪೆಟ್ಟಿಗೀನ ಇದು ಬರೇ ಹೀಟರ್ ಅಂದಿದ್ದಕ್ಕ ಗಂಡಗ ಸಿಟ್ಟು ನೆತ್ತಿಗೇರಿತು. ಪಾವಟಿಗಿ ಮ್ಯಾಲ ವಾಡ್ಯಾದ ಮಂದಿ ಎಲ್ಲಾ ನಿಂತಿದ್ರು. ಅವರೆದುರಿಗೇ ಅಂದುಬಿಟ್ರು, ಬರೋ ಐತವಾರ ಸಂಜೀಕ ಎಲ್ಲಾರೂ ಬರ್ರಿ, ಅವತ್ತು ಇದು ಹಾಡಲಿಲ್ಲಂದ್ರ ಸೋಮವಾರ ಭಂಗಾರದವನ ಗುಜರಿ ಗಾಡಿಗೆ ಹಾಕ್ತೀನಿ, ಮತ್ತ ವಾಲ್ವು ಮುಟ್ಟಂಗಿಲ್ಲ ಅಂತ. ರಂಗೂಬಾಯಿ ಚಿಂತಿ ಬ್ಯಾರೇನ ಇತ್ತು. ಪೆಟ್ಟಿಗಿ ಹೋದ್ರ ಹೋಗ್ಲಿ, ಮಾತೂ ಅದರ ಕೂಡ ಹೋಗ್ತದಲ್ಲ... ಮತ್ತ ಹೂಂ, ಊಹೂಂ.

ಮತ್ತ ಇನ್ನೊಂದು ಕಾರಣಿತ್ತು. ಮಸರು.

ನಗಬ್ಯಾಡ್ರಿ. ಈ ಥಂಡ್ಯಾಗ ಹಾಲು ಎಲ್ಲಿ ಹೆಪ್ಪಾಗ್ತದ? ಗಂಡ ಪ್ಲಗ್ ಕಿತ್ತು ಮಲಗಿದಮ್ಯಾಲೂ ಪೆಟ್ಟಿಗಿ ಬಾಣಂತಿ ಖೋಲಿಗತೆ ಬೆಚ್ಚಗಿರ್ತಿತ್ತು. ಅದರ ನಡುವ ಒಂದು ಸಣ್ಣ ಗಿಂಡಿ ಇಟ್ಟು ಮ್ಯಾಲ ದುಬಟಿ ಹೊಚ್ಚಿದ್ರ ಮುಂಜಾನಿಗೆ ಕೊಯ್ದು ಉಣ್ಣೂವಂಥ ಮಸರು. ಹಿಂಗ್ಯಾಕ ನೋಡ್ತೀರಿ? ನೀವ ಹೋದ ವಾರ ಎರಡು ಸಲ ನೀಡಿಸ್ಕೊಂಡ್ರಿ... ಅಂದ್ರ, ಅವರೂ ನೀಡಿಸ್ಕೊಂಡ್ರಂತ.

ಐತವಾರಕ್ಕ ಮಂದಿ ಬರ್ತಾರ, ಮಸರು ಹೆಚ್ಚಿಗಿ ಬೇಕು. ಶನಿವಾರ ಊಟಾದಮ್ಯಾಲ ದೊಡ್ಡ ಪಾತೇಲಿ ಇಡಾಕ ಹೋದ್ಲು. ನಡುವಿನ ಒಂದು ವಾಲ್ವು ಅಡ್ಡ ಬಂತು. ಸೆರಗಿನಿಂದ ಹಿಡದು ಗಜ್ಜರಿ ಕಿತ್ತ್ಹಂಗ ಕಿತ್ತು, ಅಲ್ಲೇ ಇದ್ದ ಡಬ್ಬ್ಯಾಗ ಇಟ್ಲು. ಮುಂಜಾನೆ ಗಂಡ ಏಳೂದರೊಳಗ ಪಾತೇಲಿ ತಗದು, ವಾಲ್ವು ಮತ್ತ ಇದ್ದಲ್ಲೇ ಹಚ್ಚಿದ್ಲು. ಮುಗೀತು ಕಥಿ.

ಯಾಕ ಸುಮ್ಮನಾದ್ರಿ?

ಇದ್ದಲ್ಲೇ ಹಚ್ಚಿದ್ಲು ರೀ. ಜಾಗಾ ಮೊದಲಿನದ... ವಾಲ್ವೂ ಮೊದಲಿನದ ಅಂತ ಅಕಿ ತಿಳಕೊಂಡಿದ್ಲು. ಆ ಡಬ್ಬಿ ಏನಂದ್ರ, ಗಂಡ ಸತ್ತ ವಾಲ್ವು ಹಾಕಿಡೋ ಡಬ್ಬಿ. ಎಲ್ಲಾದರ ಮಾರೀನೂ ಒಂದ. ಜೀವ ಇದ್ದಿದ್ದು ಯಾವುದು, ಸತ್ತಿದ್ದು ಯಾವುದು, ಅಕಿಗೆ ಹ್ಯಾಂಗ ತಿಳೀಬೇಕು? ಗಂಡ ಬಟನ್ ಒತ್ತಿದ್ರು. ಸರವೆಲ್ಲಾ ಕತ್ತಲಿ. ಯಾವುದು ಸತ್ತದ ಅಂತ ಹಚ್ಚಿ ನೋಡೋ ಮೀಟರ್ ತಗದ್ರ, ಅದೂ ಮೂಕ. ಅದರ ಸೆಲ್ಲು ಟಿವಿ ರಿಮೋಟಿಗೆ ಹೋಗಿತ್ತು. ಯಾರು ಹಾಕಿದ್ರೋ ಏನೋ, ಸೀರಿಯಲ್ಲು ತಾನಾಗೇ ಹತ್ತತದೇನು?

ರಿಮೋಟ್ ಯಾಕ ಬಿಚ್ಚಾಕತ್ತೀರಿ? ಇದು ನಾನಾ ಪೇಠದ ಕಥಿ ಅಂದೆ.

ಬೈರಿ ಬೇಕಾದ್ರ. ಹಿಂಗ ಸುಮ್ಮನ ಕೂಡಬ್ಯಾಡ್ರಿ, ಈ ಸುಮ್ಮನಿರೂದು ನಂಗ ಸೇರಂಗಿಲ್ಲ... ಅಂತ ರಂಗೂಬಾಯಿ ಅಂದ್ಲು. ಏನು? ಬ್ಯಾರೆದಾಕಿ ಗಂಡಗ ಇಷ್ಟು "ಅವರು, ಇವರು" ಯಾಕ ಅಂತ ನೋಡ್ತೀರಿ? ಬ್ಯಾರೆದಾಕಿ ಗಂಡನ ಹೆಸರು ಹೇಳಾಕ ನಿನಗೇನು ನಾಚಿಕಿ ಅಂತ?

ಹೂಂ. ಸಿಕ್ಕಿಬಿದ್ದೆ.

ಹೆಸರು ಹೇಳಬೇಕೇನು? ಒಡಪಿನ್ಯಾಗ ಹೇಳ್ತೀನಿ, ಮದಿವ್ಯಾಗ ಹೇಳಿದ್ಹಂಗ. ಬರೇ ಹೆಸರು ಹೇಳಾಕ ನಾಲಿಗಿ ಹೊಳ್ಳಂಗಿಲ್ಲ.

ಸರದಾಗ ಒಂದು ಆರಿದ್ರ ಸರವೆಲ್ಲಾ ಕತ್ತಲಿ,
ಈರಬಸಪ್ಪನವರು ಮಾತಾಡದಿದ್ರ ಮಸರು ಹ್ಯಾಂಗ ಹೆಪ್ಪಾಗಲಿ?

...ಕೈ ಯಾಕ ಚಾಚಿದ್ರಿ? ಸೆರಗಿನ ಗಂಟು ಕಂಡುಬಿಟ್ರೇನು? ತೊಗೋರಿ. ಇದ ಖರೇ ವಾಲ್ವು. ನೋಡ್ರಿ, ನನ್ನ ಸೆರಗಿನ ಅರಿಷಿಣದ ಗುರುತು ಅದರ ಮ್ಯಾಲೇ ಮೂಡೇದ. ಡಬ್ಬಿ ಎಲ್ಲಾ ಸುರುವಿ ಹುಡುಕಿ ತಗದೀನಿ. ನಡುವಿನ ಸತ್ತದ್ದು ಕಿತ್ತು ಇದನ್ನ ಹಚ್ಚರಿ, ಮೆಲ್ಲಕ... ಹಾಂ. ಈಗ ಒತ್ತರಿ.

ಅಗಾ, ನೋಡ್ರಿ. ಸಾಲು ಸಾಲಾಗಿ ಹೆಂಗ ಕಣ್ಣು ಬಿಡಾಕತ್ತಾವ.

ಇರ್ರಿ, ಕಥಿ ಮುಗಿದಿಲ್ಲ. ಯಾರ್ಯಾರು ಏನಾದ್ರು ಹೇಳಬೇಕಲ್ಲ. ಇನ್ನೂ ಆಗಿಲ್ಲ ಅಂತೀರಾ? ಕಥಿ ಹೇಳಾಕಿ ನಾನು, ನಂಗ ಮೊದಲ ಗೊತ್ತಿರ್ತದ. ಮಂದಾರ ನಗಾಡಾಕಂತ ಬಂದು, ಹಾಡು ಮುಗಿಯೂತನಕ ಪೆಟ್ಟಿಗಿ ಮುಂದ ಕುಂತು, ಎರಡು ವಾಟಿ ಮಸರು ಉಂಡು, ಮರುದಿನದಿಂದ ತಮ್ಮನಿ ಹಾಲೂ ಹೆಪ್ಪಿಗಂತ ಮ್ಯಾಲ ಕಳಿಸಿದ. ಸತ್ತ ವಾಲ್ವು ಒಂದ ಒಂಟಿಯಾಗಿ ಭಂಗಾರದವನ ಗಾಡಿ ಏರಿತು. ಪಾತೇಲಿಗೆ ಪೆಟ್ಟಿಗಿ ಮಗ್ಗಲದಾಗ ಒಂದು ಹಲಗಿ ಸಿಕ್ಕಿತು, ಗಂಡ ಸ್ವತಃ ಬಡದು ಕೊಟ್ಟಿದ್ದು. ಆ ಗಂಡ ಮುಂದ ಎಷ್ಟು ಮಾತಾಡಿದ್ರಂದ್ರ, ಹಾಲಿನವ ಹಾದೀನ ಬದಲಿಸಿದ.

ಮತ್ತ ರಂಗೂಬಾಯಿ? ಅಕಿ ಹಳೇದಾಗಿದ್ಲು, ಅಗ್ಗದಾಕಿ, ಒಮ್ಮೊಮ್ಮೆ ಎಲ್ಲಾ ಕತ್ತಲಿ ಮಾಡಿಬಿಡಾಕಿ. ಆದರ ಅಕೀನ್ನೂ ಯಾರೂ ಭಂಗಾರಕ್ಕ ಹಾಕಲಿಲ್ಲ ರೀ.