ಮೂಳೆ ವಾರ್ಡಿನಲ್ಲಿ ಡಾಕ್ಟರಮ್ಮನಿಗೆ ಹೊಡೆದ ಬಗ್ಗೆ

ಹೆಸರು: ವಾರ್ಡಿನಲ್ಲಿ ಎಲ್ಲರೂ ಕರೆಯುವುದು ದೊಡ್ಡಕ್ಕ. ವಯಸ್ಸು: 54. ಕೆಲಸ: ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯಾ. ವಾಸ: ಆಸ್ಪತ್ರೆಯ ಹಿಂದಿನ ಸಿಬ್ಬಂದಿ ವಸತಿ.

ನಾನು ಕಂಡದ್ದನ್ನು ಕಂಡ ಹಾಗೆ ತಿಳಿಸುವುದೇನೆಂದರೆ, ಸೋಮವಾರ ಮಧ್ಯಾಹ್ನ ಅಂಗಡಿ ಬೋರ್ಡು ಬರೆಯುವ ಒಬ್ಬನನ್ನು ಅವನ ಅಣ್ಣ ನಮ್ಮಲ್ಲಿಗೆ ತಂದ. ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು. ಎರಡೂ ಕಾಲು ಸ್ವಾಧೀನದಲ್ಲಿ ಇರಲಿಲ್ಲ. ಸಂಜೆಯೇ ಆಪರೇಷನ್ ಆಯಿತು. ಈಗ ಬೆನ್ನನ್ನು ಉದ್ದಕ್ಕೆ ಸೀಳುವುದಿಲ್ಲ. ಸಣ್ಣ ತೂತುಗಳಲ್ಲೇ ಸ್ಕ್ರೂ, ಕಂಬಿ ಇಳಿಸಿ ಮೂಳೆ ಬಿಗಿಯುತ್ತಾರೆ. ಮೂಳೆ ನಿಲ್ಲುತ್ತದೆ, ಕಾಲಿನ ಬಗ್ಗೆ ಮಾತು ಕೊಡಲಾರೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಡಾಕ್ಟರಮ್ಮ ಡ್ರೆಸ್ಸಿಂಗ್ ಬದಲಿಸಲೆಂದು ನಾನು ರೋಗಿಯನ್ನು ಮಗ್ಗುಲಾಗಿ ಹಿಡಿದಿದ್ದೆ. ಅಣ್ಣ ಗಾಯ ನೋಡಿದ್ದು ಆಗಲೇ. ಆರು ಗಾಯ, ಒಂದೊಂದೂ ಉಗುರಿನಷ್ಟು. ಬೆನ್ನು ಬಿಚ್ಚದೇನೇ ಅದೇನ್ ರಿಪೇರಿ ಮಾಡಿದ್ರಿ, ನಮ್ಮ ಕಣ್ಣಿಗೆ ಮಣ್ಣೆರಚಿದ್ರಾ, ಅದಕ್ಕೇ ಇವನಿಗೆ ಕಾಲು ಬರ್ಲಿಲ್ಲ ಎಂದು ಕೂಗಾಡಿ ಸ್ಟೀಲ್ ಟ್ರೇ ಎತ್ತಿ ಎಸೆದ. ಡಾಕ್ಟರಮ್ಮನ ಹುಬ್ಬು ಒಡೆಯಿತು. ಕಾಲು ಹೋದದ್ದು ಆಪರೇಷನ್ನಿಗಿಂತ ಮುಂಚೆ ಎಂದಷ್ಟೇ ಅವರು ಹೇಳಿದರು. ಹೇಗೆ ಹೋಯಿತೆಂದು ನಾನು ಹೇಳಿಬಿಡುತ್ತಿದ್ದೆ. ಮಾತು ತುಟಿಗೆ ಬಂದಿತ್ತು. ಅಷ್ಟರಲ್ಲಿ ರೋಗಿ ನನ್ನ ಮಣಿಕಟ್ಟು ಹಿಡಿದುಕೊಂಡ.

ಅವನು ಮೊದಲ ದಿನವೇ ಡಾಕ್ಟರಮ್ಮನಿಗೂ ನನಗೂ ಹೇಳಿದ್ದ. ಬಿದ್ದಾಗ ಕಾಲು ಆಡುತ್ತಿತ್ತಂತೆ. ಅಣ್ಣ ಗಾಬರಿಯಲ್ಲಿ ಎಬ್ಬಿಸಿ, ಬೈಕಿನಲ್ಲಿ ತನಗೂ ಇನ್ನೊಬ್ಬನಿಗೂ ನಡುವೆ ಕೂರಿಸಿಕೊಂಡು ಹೊರಟನಂತೆ. ರಸ್ತೆಯ ಹಂಪು ಹತ್ತಿ ಇಳಿಯುವಾಗ ಬೆನ್ನಲ್ಲಿ ಲಟಕ್ಕೆಂದಿತು, ಆಮೇಲೆ ಕಾಲೇ ಇಲ್ಲ. ಅಣ್ಣಂಗೆ ಮಾತ್ರ ಹೇಳ್ಬೇಡಿ ದೊಡ್ಡಕ್ಕಾ, ಗೊತ್ತಾದ್ರೆ ಅವನು ಬದುಕಲ್ಲ ಎಂದು ಕೈ ಮುಗಿದಿದ್ದ.

ಡಾಕ್ಟರಮ್ಮ ಮೂರು ಹೊಲಿಗೆ ಹಾಕಿಸಿಕೊಂಡರು, ಬಾಯಿ ಬಿಡಲಿಲ್ಲ. ಹೊಡೆದವನಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಪೊಲೀಸಿನವರಾದ ನೀವು ಕೇಳಿದ್ದಕ್ಕೆ ಸುಳ್ಳು ಹೇಳಲಾರದೆ ಬೈಕಿನ ವಿಷಯ ಬರೆಸಿದ್ದೇನೆ.

ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವುದು ಬೇಡವೆಂದು ನಾನೇ ಕೇಳಿಕೊಂಡೆ. ಅಣ್ಣ ಬಾಗಿಲಾಚೆಯ ಬೆಂಚಿನ ಮೇಲೆ ಕೂತಿದ್ದಾನೆ. ಮನಸ್ಸಿನಲ್ಲೇ ಓದಿಕೊಂಡೆ, ಎಲ್ಲವೂ ನಿಜ.

ಸ್ಥಳ: ಮೂಳೆ ವಾರ್ಡಿನ ನರ್ಸ್ ಕೋಣೆ
ದಿನಾಂಕ: 14, ಗುರುವಾರ
ಸಹಿ: ದೊಡ್ಡಕ್ಕ