ಸೀರಿ ಅಂಚಿನ ಅಕ್ಷರ

ಸಾವಕಾಶ ಬಿಚ್ಚು ನಿಸರ್ಗಾ, ಹಳೇ ಕ್ಯಾಲೆಂಡರ್, ಹರದೀತು. ನಿಮ್ಮಜ್ಜಿ ಟ್ರಂಕಿನ್ಯಾಗ ಇತ್ತಾ? ಹೂಂ... ಈ ಸರಸ್ವತಿ ನಾನ ತಗದದ್ದು. ಮೂಲ್ಯಾಗ ನೋಡು, 'ಸೊಲೊಮನ್, ಹುಬ್ಬಳ್ಳಿ' ಅಂತ ಐತಿ. ಯಾಕ ನಗತಿ? ಯಹೂದಿ ಆಗಿ ಸರಸ್ವತಿ ತಗದಾನಲ್ಲಾ ಅಂತ? ನಮ್ಮಾಗ ಮೂರ್ತಿ ಮಾಡೂಹಂಗಿಲ್ಲ, ಖರೆ. ನಮ್ಮಪ್ಪ ರೈಲ್ವೆ ಕಾರಖಾನ್ಯಾಗ ಫಿಟ್ಟರ್. ಶುಕ್ರವಾರ ಸಂಜಿಗೆ ಸಬ್ಬತ್ತಿನ, ಅಂದ್ರ ನಮ್ಮ ವಿಶ್ರಾಂತಿ ದಿನದ, ದೀಪಾ ಹಚ್ಚಿದ ಮ್ಯಾಲೆ ಪೆನ್ಸಿಲ್ಲೂ ಮುಟ್ಟಾಂವ ಅಲ್ಲ. ಈ ಚಿತ್ರ ನೋಡಿದಾಂವ, ಸಾಯೂತನಕಾ ನನ್ನ ಕೂಡ ಮಾತಾಡಲಿಲ್ಲ.

ಹೆಂಗ ಅಚ್ಚು ಹಾಕತಿದ್ವಿ ಅಂತಿಯಾ? ಕಲ್ಲಚ್ಚು. ನುಣ್ಣಗ ತಿಕ್ಕಿದ ಕಲ್ಲಿನ ಮ್ಯಾಲೆ ಜಿಡ್ಡಿನ ಮಸಿಲೆ ಚಿತ್ರ ತಗೀಬೇಕು. ಅಕ್ಷರ ಎಲ್ಲಾ ಉಲ್ಟಾ ಬರೀಬೇಕು, ಅಂದ್ರ ಕಾಗದದ ಮ್ಯಾಲೆ ಸೀದಾ ಬರ್ತಾವ. ನಿಮ್ಮಜ್ಜ ಅಪ್ಪಾಸಾಹೇಬನೂ ನಮ್ಮ ಹುಬ್ಬಳ್ಳಿ ಪ್ರೆಸ್ಸಿನ್ಯಾಗ ಇದ್ದ. ಕಲ್ಲು ತಿಕ್ಕಾಂವ. ಛಲೋ ಮನಷ್ಯಾ...

ಇದೊಂದು ಚಿತ್ರ ತೋರಿಸಿ ಅಮೆರಿಕಾದಾಗ ಕೆಲಸ ಹಿಡದೆ. ಈ ಸ್ಯಾನ್ ಮಟಿಯೋದಾಗ ಸ್ವಂತ ಪ್ರೆಸ್ ಹಾಕಿ ನಲವತ್ತು ವರ್ಷ ಆತು. ನಿಮ್ಮ ಮಂದಿ ಲಗ್ನಪತ್ರಿಕಿ, ನಮ್ಮ ಮಂದಿ ಪ್ರಾರ್ಥನಿ ಪುಸ್ತಕ, ಎಲ್ಲಾ ಇಲ್ಲೇ. ಚಹಾ ಕುಡಿ, ಆರತೈತಿ.

ಅಲ್ಲಾ, ಕಿಟಕಿ ಕಡೆ ಯಾಕ ಹೊಂಟಿ? ಹಿಂದುಮುಂದು ಮಾಡಿ ಬೆಳಕಿಗೆ ಯಾಕ ಹಿಡದಿ? ಸೀರಿ ಅಂಚಾ? ಅದು ಬರೇ ಬಳ್ಳಿ ತಂಗಿ, ಬಳ್ಳಿ... ತಡಿ, ಚಸ್ಮಾ ಹಾಕ್ಕೋತೀನಿ.

ಗು... ರು... ಬ...

ಗುರುಬಸವ್ವ. ನಿಮ್ಮಜ್ಜಿ ಹೆಸರು.

ನಿಮ್ಮಜ್ಜ ಕಲ್ಲಿನ ಮ್ಯಾಲೆ ಸೀದಾ ಬರದಾನ, ಅದಕ್ಕ ಕಾಗದದಾಗ ಉಲ್ಟಾ ಬಂದೈತಿ. ಅಚ್ಚು ಹಾಕೂ ದಿನಾ ಅಂವ ಜ್ವರಾ ಬಂದು ಮಲಗಿದ್ದ. ಮೂಲ್ಯಾಗಿನ ಅಂವನ ಹೆಸರು ತಿಕ್ಕಿ ನನ್ನ ಹೆಸರು ಬರದೆ. ಈ ಅಂಚು ನನ್ನ ಕಣ್ಣ ಮುಂದ ಇತ್ತು. ಉಲ್ಟಾ ಓದಿ ಓದಿ ರೂಢಿ ಆದ ಕಣ್ಣು... ಸೀದಾ ಇದ್ದದ್ದು ಕಾಣಲೇ ಇಲ್ಲ. ಅದಕ್ಕ ನಿಮ್ಮಜ್ಜಿ ಇದನ್ನ ಇಷ್ಟು ದಿನಾ ಇಟ್ಟುಕೊಂಡಿದ್ಲಾ? ಆಕಿಗೆ ಗೊತ್ತಿತ್ತಾ?

ಬೈಯಿ ತಂಗಿ, ಬೈಯಿ.

ನಮ್ಮಪ್ಪಗೂ ಹೇಳಲಿಲ್ಲ. ನಾ ಮೂರ್ತಿ ಮಾಡಿಲ್ಲಪಾ ಅನ್ನಬೇಕಂದ್ರ, ಕದ್ದೀನಿ ಅಂತ ಅನ್ನಬೇಕಿತ್ತು. ಅಷ್ಟು ನಾಚಿಕಿ ಆಗಿತ್ತು ನನಗ. ಮಾಡದ ಪಾಪಾ ತಲೀಮ್ಯಾಲೆ ಹೊತ್ತೆ, ಮಾಡಿದ್ದನ್ನ ಬಾಯಿ ಬಿಡಲಿಲ್ಲ. ಈಗ ಸುದ್ದಾ ನಿನ್ನ ಮುಂದ ಕುಂತು ಸುಳ್ಳು ಹೇಳಿದೆ.

ಕಲ್ಲು ತಿಕ್ಕಾಂವ ನಿಮ್ಮಜ್ಜ ಅಲ್ಲ, ತಂಗಿ. ಅಂವ ನಾನು.