ಮಣಿಕಟ್ಟು ಹಿಡಿದು ಎಳೆಯುವ ಹೀರೋ

ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ರಾಯಬಾಗದ ಬಸ್ಸಿಗಾಗಿ ಕಾಯುತ್ತಿದ್ದ ಕಾಳವ್ವನ ಪಕ್ಕದಲ್ಲಿ ಇಬ್ಬರು ಬಂದು ಕೂತರು. ಏಕಸಂಬಿಯ ನೀಲಮ ಮದುವೆಯ ಸೀರೆ ತರಲು ನಿಪ್ಪಾಣಿಗೆ ಹೊರಟಿದ್ದಾಳೆ, ಜೊತೆಗಿರುವವಳು ಅವಳ ಅಣ್ಣನ ಹೆಂಡತಿ ಸಾರಿಕಾ ಎಂಬುದು ಅವರ ಮಾತಿನಿಂದಲೇ ಕಾಳವ್ವನಿಗೆ ತಿಳಿಯಿತು.

“ಆ ಕೊರಿಯಾ ಸೀರಿಯಲ್ ನೋಡೂದು ಬಿಟ್ಟಿಯೇನ?” ಎಂದಳು ಸಾರಿಕಾ.

“ಬಿಟ್ಟೇನ್ರಿ ವೈನಿ.”

“ಯಾಕ? ಹುಡುಗಿಗೆ ಜ್ವರ ಬಂದ್ರ ಹೀರೋ ತಾನ ಗಂಜಿ ಕಾಸ್ತಾನ, ಆಕಿ ಮಾತು ಮುಗಿಯೂತನಕ ಕೇಳ್ತಾನ ಅಂತ ಹೊಗಳತಿದ್ದಿ.”

“ಅದೆಲ್ಲಾ ಚಲೋನ ಐತ್ರಿ. ಆದ್ರ ಸಿಟ್ಟು ಬಂದ್ರ ಆಕಿ ಮಣಿಕಟ್ಟು ಹಿಡದು ದರದರ ಎಳಕೊಂಡು ಹೋಗ್ತಾನ. ಹಿಂದ ಹಾಡು ಹಚ್ಚಿರತಾರ. ಅದೂ ಪ್ರೀತೀನ ಅಂತ ತಿಳಿದಿದ್ದೆ.”

“ಮತ್ತ?”

“ಹ್ವಾದ ವಾರ ಅಥಣ್ಯಾಗ ನನ್ನ ಮದಿವಿ ಆಗಾಂವನೂ ಹಂಗ ಎಳದ. ಗೆಳತಿ ಕೂಡ ಮಾತಾಡಕೋತ ನಿಂತಿದ್ದೆ, ಅಷ್ಟಕ್ಕ.”

ನೀಲಮ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಬೆರಳಿನ ಗುರುತು ಇನ್ನೂ ಮಾಸಿರಲಿಲ್ಲ. ಕಾಳವ್ವನೂ ನೋಡಿದಳು.

“ಮನ್ಯಾಗ ಯಾಕ ಹೇಳಲಿಲ್ಲ?”

“ಸೀರಿಯಲ್ ನೋಡಿ ತಲಿ ಕೆಟ್ಟೈತಿ ಅಂತಾರ.”

ಸಾರಿಕಾ ನೀಲಮಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ, “ಮಾವಾರಿಗೆ ನಾ ಹೇಳ್ತೀನಿ. ನೀ ನನ್ನ ಬಾಜೂಕ ಕುಂದರು, ಸಾಕು” ಎಂದಳು.

ನಿಪ್ಪಾಣಿಯ ಬಸ್ ಬಂದು ನಿಂತಿತು, ಜನರನ್ನು ತುಂಬಿಕೊಂಡು ಹೊರಟಿತು. ಇಬ್ಬರೂ ಏಳಲಿಲ್ಲ. ಅದು ಹೋದ ಮೇಲೆ ಸಾರಿಕಾ ಚೀಲ ಹೆಗಲಿಗೆ ಹಾಕಿಕೊಂಡಳು. ಕಾಳವ್ವ ಕಾಲು ಹಿಂದಕ್ಕೆ ಎಳೆದುಕೊಂಡು ದಾರಿ ಬಿಟ್ಟಳು. ನಾದಿನಿ ವೈನಿ ಏಕಸಂಬಿಯ ಬಸ್ ಹತ್ತಿದರು.